ಡೊಂಕು ಇರೋದು ಕೆಳಗ

ನಮ್ಮ ಅತ್ತೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವಳ ಮುಖವಲ್ಲ, ಹಿಮ್ಮಡಿ. ಬೇಸಿಗೆಯ ಎರೆಹೊಲದಂತೆ ಬಿರಿದ ಹಿಮ್ಮಡಿ. ಬಿರುಕಿನಲ್ಲಿ ಜೋಳದ ಕಾಳು ಸಿಗಿಸಬಹುದಿತ್ತು. ಅವಳು ಮುಂದಿನ ಕುದುರೆಯ ಮೇಲೆ, ನಾನು ಹಿಂದಿನದರ ಮೇಲೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದುದು ಒಂದು ಕುದುರೆಯ ಬಾಲ ಮತ್ತು ಅದರ ಹೊಟ್ಟೆಯ ಎರಡು ಕಡೆ ಇಳಿಬಿದ್ದ ಆ ಎರಡು ಹಿಮ್ಮಡಿ. ಕಾಲಿಡುವ ಕಬ್ಬಿಣದ ಬಳೆ ಗಿಳೆ ನಮ್ಮ ಕುದುರೆಗಳಿಗೆ ಇರಲಿಲ್ಲ. ಆದರೂ ಅವಳ ಹಿಮ್ಮಡಿ ಕಾಲ್ಬೆರಳಿಗಿಂತ ಚೂರು ಕೆಳಗೇ ಇರುತ್ತಿತ್ತು, ಎಡದ್ದೂ ಬಲದ್ದೂ ಒಂದೇ ಮಟ್ಟಕ್ಕೆ, ತಕ್ಕಡಿಯ ಎರಡು ತಟ್ಟೆ ತೂಗಿ ನಿಂತಂತೆ.

ಎದುರಿಗೆ ನಾನು ‘ರಿ’ ಹಚ್ಚದೆ ಮಾತಾಡಿದವಳಲ್ಲ. ಮನಸ್ಸಿನೊಳಗೆ ಮಾತ್ರ ಅವಳು ಯಾವಾಗಲೂ ಅವಳೇ. ಹಾಗೇ ಬರೆಯುತ್ತೇನೆ.

ನನ್ನ ತವರು ಹನುಮಸಾಗರದ ಹತ್ತಿರ. ನಮ್ಮವರು ಹೊಲ ಮಾಡುವವರು. ಹುಟ್ಟಿದ ಊರಲ್ಲೇ ಬಿತ್ತಿ, ಅಲ್ಲೇ ಉಂಡು, ಅಲ್ಲೇ ಸಾಯುವ ಮಂದಿ. ನನ್ನನ್ನು ಕೊಟ್ಟದ್ದು ಯಲಬುರ್ಗಾ ಕಡೆಯ ಕುರಿಯವರ ಮನೆಗೆ. ಅವರದು ನಡೆಯುವ ಸಂಸಾರ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೊಪ್ಪಳ ದಾಟಿ ಗಂಗಾವತಿ ಕಡೆ ಇಳಿಯುತ್ತಿದ್ದರು. ಕಾಲುವೆ ಕೆಳಗೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿಗೆ ಮೇವು. ರಾತ್ರಿ ಅಲ್ಲೇ ಕುರಿ ತರುಬಿ ಮಲಗಿಸಿದರೆ ಗದ್ದೆಯವನಿಗೆ ಗೊಬ್ಬರ. ಗಂಡಸರು ಹಿಂಡಿನ ಜೊತೆ ನಡೆಯುವುದು. ಹೆಂಗಸರು ಪಾತ್ರೆ, ಹಿಟ್ಟು, ಆಗಷ್ಟೇ ಹುಟ್ಟಿದ ಮರಿಗಳನ್ನೆಲ್ಲ ಕುದುರೆಗೆ ಹೇರಿ, ತಾವೂ ಏರಿ ಕೂತು ಮುಂದೆ ಹೋಗುವುದು. ಹಿಂಡು ಬಂದು ಮುಟ್ಟುವುದರೊಳಗೆ ನೀರು ತಂದು, ಒಲೆ ಹೂಡಿ, ರೊಟ್ಟಿ ಬಡಿದಿರಬೇಕು.

ಕುದುರೆ ಅಂದರೆ ಪಟದಲ್ಲಿ ಇರುವಂಥವಲ್ಲ. ಕತ್ತೆಗಿಂತ ಚೂರು ಎತ್ತರದ ತಟ್ಟುಗಳು. ಗೋಣಿಚೀಲ, ಹಳೆ ಕಂಬಳಿ ಮಡಚಿ ಹೊಲಿದ ತಡಿಯನ್ನು ಬೆನ್ನ ಮೇಲೆ ಹಾಕಿ ಬಿಗಿಯುವುದು, ಅದರ ಎರಡು ಬದಿಗೆ ಹೇರು, ನಡುವೆ ಮನುಷ್ಯ. ನನ್ನ ಪಾಲಿಗೆ ಬಂದ ಕುದುರೆ ಬೂದಿ ಬಣ್ಣದ ಹೆಣ್ಣು. ಹೆಸರೂ ಬೂದಿ. ನನಗಿಂತ ಸಮಾಧಾನದ ಪ್ರಾಣಿ.

ಅತ್ತೆ ಒಳ್ಳೆಯವಳಾಗಿದ್ದಳು ಎಂದರೆ ಸುಳ್ಳಾಗುತ್ತದೆ. ಬೆಣ್ಣೆಯ ಗಡಿಗೆ ತನ್ನ ತಲೆದೆಸೆಗೆ ಇಟ್ಟುಕೊಳ್ಳುತ್ತಿದ್ದಳು. ತಂಬಾಕು ಉಗುಳಿ ಮುಗಿಸಿದ ಮೇಲೇ ಮಾತು, ಆ ಮಾತೂ ಬೈಗುಳವೇ. ಹೊಗಳಿಕೆ ಅವಳ ಬಾಯಿಂದ ಬಂದದ್ದು ಕುರಿಗೆ, ಕುದುರೆಗೆ, ಒಮ್ಮೊಮ್ಮೆ ಮಳೆಗೆ. ಮನುಷ್ಯರಿಗೆ ಬಂದದ್ದು ನಾನು ಕೇಳಿಲ್ಲ.

ಮೊದಲ ವರ್ಷ ಕುಕನೂರು ದಾಟಿದ ಮೇಲೆ ಒಂದು ಮಧ್ಯಾಹ್ನ ಬೂದಿಯ ತಡಿ ಇಳಿಸಿದಾಗ ಬೆನ್ನ ಎಡಭಾಗದಲ್ಲಿ ರೂಪಾಯಿ ಅಗಲ ಕೂದಲು ಕಿತ್ತು ಚರ್ಮ ಕೆಂಪಾಗಿತ್ತು. ಮರುದಿನಕ್ಕೆ ಅದು ಹುಣ್ಣಾಯಿತು. ಮಾವ ಬಂದು ಬಗ್ಗಿ ನೋಡಿದ.

“ಹೇರು ಸರಿಯಾಗಿ ಕಟ್ಟಿಲ್ಲೇನು?”

“ಹೇರು ನಾನs ಕಟ್ಟೀನ್ರಿ,” ಅಂದಳು ಅತ್ತೆ.

“ಹಂಗಾರ ಹೇರಿನ ನಡುವ ಕುಂತದ್ದು ಸರಿಯಿಲ್ಲ.”

ನಾನು ಅಲ್ಲೇ ನಿಂತಿದ್ದೆ. ಮಾವ ನನ್ನ ಕಡೆ ನೋಡಲಿಲ್ಲ, ನನ್ನ ಬಗ್ಗೆ ಕುದುರೆಗೆ ಹೇಳಿದ ಹಾಗೆ ಹೇಳಿದ: “ಹೊಲದವರ ಮಗಳನ್ನ ಕುರಿ ಹಿಂದ ತರಬಾರದಾಗಿತ್ತು. ಹುಣ್ಣು ಮಾಯಲಿ. ಮಾಯ್ದ ಮ್ಯಾಲೆ ಹೇಮಗುಡ್ಡದ ತನಕ ಕುಂತು ಬರಲಿ. ಅಲ್ಲಿ ತಡಿ ಇಳಿಸಿ ನಾನs ನೋಡ್ತೀನಿ. ಮತ್ತ ಬೆನ್ನು ಕೆಟ್ಟಿತ್ತಂದ್ರ ಬಸ್ಸು ಹತ್ತಿಸಿ ತವರಮನಿಗೆ ಕಳಿಸೋದು. ಸೊಸಿ ಇಲ್ಲದ ಮನಿ ನಡಿತೈತಿ. ಕುದರಿ ಇಲ್ಲದ್ದು ನಡ್ಯಂಗಿಲ್ಲ.”

ಮಾತು ಒರಟು, ಆದರೆ ಲೆಕ್ಕ ಸರಿ. ಎರಡೇ ಕುದುರೆಯ ಮೇಲೆ ಇಡೀ ಮನೆ ಹೊರಟಿತ್ತು. ನನ್ನ ಲೆಕ್ಕ ಬೇರೆ ಇತ್ತು. ಕುರಿ ಹಿಂದಿನಿಂದ ತಿರುಗಿ ಬಂದ ಸೊಸೆಗೆ ಊರವರು ನೂರು ಹೆಸರಿಡುತ್ತಾರೆ. ನನ್ನ ಬೆನ್ನಿಗೆ ಲಗ್ನವಾಗದ ತಂಗಿಯರಿದ್ದರು. “ಅಕ್ಕನನ್ನ ಕುದರೀನs ಒಲ್ಲೆ ಅಂತು” ಎಂಬ ಮಾತು ಒಮ್ಮೆ ಹುಟ್ಟಿದರೆ ಅವರ ಬಾಗಿಲಿಗೂ ಯಾರೂ ಬರುತ್ತಿರಲಿಲ್ಲ. ಗಂಡ ಏನೆಂದ ಅಂತ ಕೇಳುತ್ತೀರಿ. ಅವರಪ್ಪನ ಮುಂದೆ ಬಾಯಿ ಬಿಡುವ ಗಂಡಸು ಅವನಲ್ಲ. ಕುರಿ ಎಣಿಸುತ್ತಾ ನಿಂತಿದ್ದ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾ.

ಕೊಪ್ಪಳದ ಈಚೆ ಒಬ್ಬರ ಹೊಲದಲ್ಲಿ ಕುರಿ ತರುಬಲು ಕರೆದಿದ್ದರು. ಬೂದಿಯ ಬೆನ್ನು ಮಾಯುವ ತನಕ ಅಲ್ಲೇ ಬೀಡು. ಅತ್ತೆ ದಿನಾ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದಳು. ತಡಿಯನ್ನು ಬಿಸಿಲಿಗೆ ಹರವಿ ಅಂಗೈಯಿಂದ ಒತ್ತಿ ಒತ್ತಿ ನೋಡಿದಳು. ಎಡಗಡೆ ಗೋಣಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು, ಬಲಗಡೆ ಉಬ್ಬಿಯೇ ಇತ್ತು. ಆಮೇಲೆ ನನ್ನನ್ನು ಬಾವಿಯಿಂದ ನೀರು ತರಲು ಕಳಿಸಿದಳು.

ನಾನು ಕೊಡ ತುಂಬಿ ಟೊಂಕದ ಮೇಲೆ ಇಟ್ಟುಕೊಂಡು ಬಂದೆ. ನಮ್ಮೂರಲ್ಲಿ ಬಾವಿ ಮನೆಯ ಹತ್ತಿರವೇ. ಹುಡುಗಿಯರು ಕೊಡ ಹೊರುವುದು ಟೊಂಕದ ಮೇಲೆ. ಕುರಿಯವರು ದೂರದಿಂದ ತರುವವರು, ಅವರದು ತಲೆಯ ಮೇಲೆ.

“ನಿಂದ್ರು ಅಲ್ಲೇ!” ಅಂದಳು. ನಿಂತೆ. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನನ್ನ ಸುತ್ತ ತಿರುಗಿದಳು. “ಕೊಡ ಇಳಸು.” ಇಳಿಸಿದೆ. “ಈಗ ನಡಿ.” ನಡೆದೆ. ಅವಳು ತೊಡೆ ತಟ್ಟಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು.

“ಅಯ್ಯ ನಿನ್ನ! ಕೊಡ ಇಳಿಸಿದ್ರೂ ಟೊಂಕ ಇಳಿಸಿಲ್ಲಲ್ಲ! ಕುದರಿ ಮ್ಯಾಲೂ ಕೊಡ ಇಟ್ಕೊಂಡs ಕುಂದರತಿ ನೀನು!”

ಹೌದು ಎಂದು ನನಗೂ ಆಗಲೇ ತಿಳಿದದ್ದು. ಎಂಟು ವರ್ಷದವಳಿದ್ದಾಗಿಂದ ಎಡಟೊಂಕಕ್ಕೆ ಕೊಡ. ಮೈ ಅದಕ್ಕೊಂದು ಜಾಗ ಮಾಡಿ ಇಟ್ಟುಬಿಟ್ಟಿತ್ತು. ಕೊಡ ಇರಲಿ ಬಿಡಲಿ, ಜಾಗ ಖಾಲಿ ಮಾಡುತ್ತಿರಲಿಲ್ಲ. ನಿಂತರೆ ಎಡಗಾಲ ಮೇಲೆ, ಕೂತರೆ ಎಡಗಡೆ. ನೆಲಕ್ಕೆ ನೋವಾಗುವುದಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಕುದುರೆಗೆ ಗೊತ್ತಾಯಿತು.

“ಅತ್ತಿ, ಹೆಗಲು ನೆಟ್ಟಗ ಮಾಡ್ಕೊಂಡು ಕುಂದರತೀನ್ರಿ,” ಅಂದೆ.

“ಹೆಗಲು ಏನು ಮಾಡ್ತೈತಿ, ಪಾಪ! ಡೊಂಕು ಕಾಣೂದು ಮ್ಯಾಲೆ, ಇರೋದು ಕೆಳಗ. ಗ್ವಾಡಿ ವಾಲಿದ್ರ ಮಾಳಿಗಿ ತಿದ್ದತಾರೇನು? ಬುನಾದಿ ನೋಡಬೇಕು.”

ಅವತ್ತಿನಿಂದ ನನಗೆ ಎರಡು ಶಿಕ್ಷೆ. ಒಂದು, ಕೊಡ ಟೊಂಕಕ್ಕೆ ಮುಟ್ಟಿಸುವಂತಿಲ್ಲ. ಸಿಂಬಿ ಇಟ್ಟು ತಲೆಯ ಮೇಲೇ ಹೊರಬೇಕು. ನನಗೆ ರೂಢಿಯಿಲ್ಲ. ಎಷ್ಟೋ ಸಲ ಬಾವಿಯಿಂದ ಬೀಡಿಗೆ ಬರುವುದರೊಳಗೆ ನೀರೆಲ್ಲ ನನ್ನ ಸೀರೆಗೆ, ಕೊಡ ಅರ್ಧ. ಎರಡು, ಆ ಹೊಲದ ಬದುವಿನಲ್ಲಿ ಒಂದು ಮೋಟು ಮಣ್ಣಿನ ಗೋಡೆ ಇತ್ತು. ತಡಿಯನ್ನು ಅದರ ಮೇಲೆ ಹಾಕಿ, ನನ್ನನ್ನು ಆ ಕಡೆ ಒಂದು ಈ ಕಡೆ ಒಂದು ಕಾಲು ಇಳಿಬಿಟ್ಟು ಕೂಡಿಸಿದಳು. ಕೂತ ಮೇಲೆ ಹಿಂದಿನಿಂದ ಬಂದು ತನ್ನೆರಡು ಅಂಗೈಗಳನ್ನು ನನ್ನ ಕೆಳಗೆ ತೂರಿಸಿದಳು! ನಾನು ಚೀರಿ ಮೇಲೆದ್ದೆ.

“ಕುಂದ್ರು. ನಾಚಿಗಿ ತವರಮನಿಗೆ ಹೋಗಿ ಮಾಡ್ಕೊಳ್ಳುವಂತಿ. ಹೋಗಬೇಕಂತೇನು?”

ಕೂತೆ.

“ಕೆಳಗ ಎರಡು ಎಲುಬು ಅದಾವ. ನನ್ನ ಕೈಗೆ ಹತ್ತಾಕತ್ತಾವ. ಯಾವುದು ಜಾಸ್ತಿ ಒತ್ತತೈತಿ, ನೀನs ಹೇಳು.”

“ಎರಡೂ ಬರೋಬ್ಬರಿ ಅದಾವ್ರಿ.”

“ಬರೋಬ್ಬರಿ ಅಂತ! ಎಡಗೈ ಜಜ್ಜಿ ಹೋತು ನಂದು.”

ಡೊಂಕೇ ನನಗೆ ನೆಟ್ಟಗೆ ಅನ್ನಿಸುತ್ತಿತ್ತು, ಅದೇ ತೊಂದರೆ. ಅವಳು ಸರಿಮಾಡಿ ಕೂಡಿಸಿದರೆ ಬಲಕ್ಕೆ ಬೀಳುತ್ತೇನೆ ಅನ್ನಿಸಿ ಗೋಡೆ ಹಿಡಿದುಕೊಳ್ಳುತ್ತಿದ್ದೆ. ದಿನಾ ರೊಟ್ಟಿ ಕೆಲಸ ಮುಗಿದ ಮೇಲೆ ಗೋಡೆ ಏರುವುದು, ಅವಳ ಅಂಗೈ, ಅವಳ ಬೈಗುಳ. ಮಾವನ ತಮ್ಮ ಕುರಿ ಹೊಡೆದುಕೊಂಡು ಬರುವಾಗ ನೋಡಿ ಕೂಗುತ್ತಿದ್ದ: “ಏನವಾ, ಗ್ವಾಡಿ ಎಲ್ಲೀತನಕ ಬಂತು?”

“ಗಂಗಾವತಿ ದಾಟೇತಿ,” ಅನ್ನುತ್ತಿದ್ದಳು ಅತ್ತೆ ತಿರುಗಿ ನೋಡದೆ. “ನೀನು ಇನ್ನೂ ಇಲ್ಲೇ ಅದಿ.”

ಒಂದು ದಿನ ಅವಳ ಕೈ ಇಲ್ಲದೆಯೇ ನನಗೆ ಆ ಎರಡು ಎಲುಬು ಗೊತ್ತಾದವು. ಎರಡು ಗುಂಡುಕಲ್ಲು ನೆಲಕ್ಕೆ ಊರಿದ ಹಾಗೆ. ಹೇಳಿದೆ. ಅವಳು “ಹ್ಞೂಂ” ಅಂದಳು. ಅದಕ್ಕಿಂತ ದೊಡ್ಡ ಮಾತು ಅವಳಿಂದ ನಿರೀಕ್ಷೆ ಮಾಡುವಂತಿರಲಿಲ್ಲ.

ಬೂದಿಯ ಬೆನ್ನ ಮೇಲೆ ಹೊಸ ಕೂದಲು ಬಂದ ಮೇಲೆ ನನ್ನನ್ನು ಅದರ ಮೇಲೆ ಕೂಡಿಸಿದಳು. ಗೋಡೆ ನಿಲ್ಲುತ್ತದೆ, ಕುದುರೆ ನಡೆಯುತ್ತದೆ. ನಡೆದ ಕೂಡಲೇ ನಾನು ಕಟ್ಟಿಗೆಯಾದೆ. ಅದಕ್ಕವಳು ಬೀಸುಕಲ್ಲಿನ ಮಾತು ಹೇಳಿದಳು. “ಬೀಸುಕಲ್ಲಿನಾಗ ಕೆಳಗಿನ ಕಲ್ಲು ಸುಮ್ಮನಿರತೈತಿ, ಮ್ಯಾಲಿಂದು ಆಡತೈತಿ. ಕುದರಿ ಮ್ಯಾಲೆ ತಿರುವುಮುರುವು. ಕೆಳಗ ಆಡಬೇಕು, ಮ್ಯಾಲೆ ಸುಮ್ಮನಿರಬೇಕು. ಅದು ಹೆಜ್ಜಿ ಹಾಕಿದಂಗ ನಿನ್ನ ಟೊಂಕ ಹೋಗಲಿ. ತಡೀಬ್ಯಾಡ, ತಳ್ಳಬ್ಯಾಡ.” ಉಸಿರು ಬಿಗಿ ಹಿಡಿಯುತ್ತೇನೆಂದು ಹಾಡಲು ಹಚ್ಚಿದಳು. ಹಾಡುವವರು ಉಸಿರು ಹಿಡಿಯಲಾರರು. ಬೀಸುವಾಗಿನ ಪದಗಳನ್ನೇ ಹಾಡಿದೆ. ಟೊಂಕಕ್ಕೆ ಅವುಗಳ ತಾಳ ಗೊತ್ತಿತ್ತು.

ಇಷ್ಟಾದರೂ ಬೂದಿ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಡುತ್ತಿತ್ತು. ಮಾವ ಎದುರಿಗೆ ಬಂದಾಗಂತೂ ಗ್ಯಾರಂಟಿ ನಿಲ್ಲುತ್ತಿತ್ತು. ಮಾವನಿಗೆ ಅದು ನನ್ನ ಇನ್ನೊಂದು ಕೊರತೆ. ಕಾರಣ ಕಂಡುಹಿಡಿದವಳೂ ಅತ್ತೆಯೇ. ಮಾವ ಕಂಡ ಕೂಡಲೇ ನಾನು ಸೆರಗು ಎಳೆದು ತಲೆ ತಗ್ಗಿಸುತ್ತಿದ್ದೆ. ತಲೆ ತಗ್ಗಿದರೆ ಎದೆ ತಗ್ಗುತ್ತದೆ, ಭಾರ ಕುದುರೆಯ ಹೆಗಲ ಮೇಲೆ ಬೀಳುತ್ತದೆ. ನಿಲ್ಲಲು ಹೇಳಿದರು ಎಂದು ಅದು ನಿಲ್ಲುತ್ತಿತ್ತು. ಲಗ್ನವಾಗಿ ಹೊರಡುವಾಗ ನಮ್ಮವ್ವ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: “ತಲಿ ತಗ್ಗಿಸಿ ಬಾಳೇವು ಮಾಡು.” ಅದನ್ನು ಪಾಲಿಸಿದ್ದಕ್ಕೆ ಕುದುರೆ ನಿಲ್ಲುತ್ತಿತ್ತು.

“ತಲಿ ಎತ್ತು,” ಅಂದಳು ಅತ್ತೆ.

“ಮಾವ ಅದಾರ್ರಿ…”

“ಇರಲಿ. ಕುದರಿ ಮ್ಯಾಲೆ ನೀನು ಸೊಸಿ ಅಲ್ಲ. ಇಳದ ಮ್ಯಾಲೆ ಬೇಕಾದಷ್ಟು ತಗ್ಗಸು.”

ಎತ್ತಿದೆ. ಕುರಿಗಳ ಬೆನ್ನು, ಆಚೆಗೆ ಕಲ್ಲುಗುಡ್ಡ, ರಸ್ತೆಯ ಮೇಲೆ ಓಡುವ ಬಸ್ಸು, ಎಲ್ಲ ಒಮ್ಮೆಲೇ ಕಂಡವು. ಮದುವೆಯಾಗಿ ಅಷ್ಟು ದಿನವಾದರೂ ಆ ಸೀಮೆ ಹೇಗಿದೆ ಎಂದು ನಾನು ನೋಡಿರಲಿಲ್ಲ, ನೆಲವನ್ನಷ್ಟೇ ನೋಡಿದ್ದೆ. ಬೂದಿ ಸರಸರ ನಡೆಯಿತು.

ಮಾವನ ಮುಖ ಕೆಂಪಾಯಿತು. “ಸೊಸಿ ನನ್ನ ಮುಂದ ತಲಿ ಎತ್ಕೊಂಡು ಬರತಾಳಲ್ಲ, ಏನು ಕಲಸಾಕತ್ತಿ ಅಕೀಗೆ?”

“ನೀವು ಅಕೀ ಹಿಂದ ಬರ್ರಿ. ಮುಖ ಕಾಣಂಗಿಲ್ಲ,” ಅಂದಳು ಅತ್ತೆ. ಮಾವನ ತಮ್ಮ ಕೆಮ್ಮಿದ ಹಾಗೆ ಮಾಡಿ ಆ ಕಡೆ ಹೋದ.

ಕೊಪ್ಪಳ ಬಿಟ್ಟು ಬೀಡಿನಿಂದ ಬೀಡಿಗೆ ಇಳಿಯುತ್ತಾ ಹೋದೆವು. ನನ್ನ ಜೀವವೆಲ್ಲ ಆ ಎರಡು ಎಲುಬಿನಲ್ಲಿತ್ತು. ಹೇಮಗುಡ್ಡದ ಬುಡ ಮುಟ್ಟಿದ ದಿನ ಬಿಸಿಲು ಜೋರಿತ್ತು. ಮೇಲೆ ದುರ್ಗಮ್ಮನ ಗುಡಿ ಕಾಣುತ್ತಿತ್ತು. ಕೈ ಮುಗಿಯಲು ಲಗಾಮು ಬಿಡಬೇಕಲ್ಲ ಎಂದು ಮನಸ್ಸಿನಲ್ಲೇ ಮುಗಿದೆ. ಇಳಿದು ನಿಂತು ಹೇರು ಇಳಿಸಿದೆವು. ಮಾವ ಬಂದ. ತಡಿಯ ಬಿಗಿ ತಾನೇ ಬಿಚ್ಚಿದ. ನಾನು ಈಗ ತಲೆ ತಗ್ಗಿಸಿ ನಿಂತಿದ್ದೆ, ಅದಕ್ಕೆ ಮೊದಲು ಕಂಡದ್ದು ಮಾವನ ಕಾಲು. ಅವು ಅಲ್ಲಾಡಲಿಲ್ಲ. ಬಹಳ ಹೊತ್ತು ಅಲ್ಲಾಡಲಿಲ್ಲ. ತಡೆಯಲಾರದೆ ಕಣ್ಣೆತ್ತಿ ನೋಡಿದೆ.

ತಡಿ ಇದ್ದ ಜಾಗ ಬೆವರಿನಿಂದ ಒದ್ದೆಯಾಗಿತ್ತು. ನಡುವೆ ಬೆನ್ನೆಲುಬಿನ ಉದ್ದಕ್ಕೂ ಒಣಗೆರೆ. ಅದರ ಆಚೆ ಈಚೆ ಎರಡು ಒದ್ದೆಗುರುತು, ಪಾತರಗಿತ್ತಿಯ ಎರಡು ರೆಕ್ಕೆಯ ಹಾಗೆ, ಒಂದರಷ್ಟೇ ಇನ್ನೊಂದು. ಹುಣ್ಣು ಮಾಯ್ದ ಜಾಗದಲ್ಲಿ ಹೊಸ ಕೂದಲು ಹಾಗೇ ಇತ್ತು. ಒಂದು ಕಡೆ ಒತ್ತಿ ಕೂತಿದ್ದರೆ ಬೆವರು ಹಾಗೆ ಸಮನಾಗಿ ಬರುವುದಿಲ್ಲ. ಅದು ಮಾವನಿಗೂ ಗೊತ್ತು, ಅತ್ತೆಗೂ ಗೊತ್ತು.

ಮಾವ ಅಂಗೈಯಿಂದ ಒಂದು ರೆಕ್ಕೆ ಸವರಿದ, ಇನ್ನೊಂದು ಸವರಿದ. “ನೀರು ಕುಡಸ್ರಿ ಅದಕ್ಕ,” ಅಂದು ಹೋದ. ಬಸ್ಸಿನ ಮಾತು ಅವತ್ತೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ನನಗೆ ಅಳು ಬಂತು. ಅತ್ತೆಯ ಕಾಲು ಮುಟ್ಟಲು ಬಗ್ಗಿದೆ. ಆ ಬಿರಿದ ಹಿಮ್ಮಡಿ ಹಿಂದಕ್ಕೆ ಸರಿಯಿತು. “ನಿನ್ನ ಸಲುವಾಗಿ ಮಾಡಿಲ್ಲ, ಬೂದಿ ಸಲುವಾಗಿ ಮಾಡೀನಿ. ಏಳು ಡೊಂಕಿ, ಒಲಿ ಹೂಡು.”

ಡೊಂಕಿ! ಡೊಂಕು ಹೋದ ದಿನ ಇಟ್ಟ ಹೆಸರು. ಅವಳು ಸಾಯುವ ತನಕ ನನ್ನನ್ನು ಕರೆದದ್ದು ಅದೇ ಹೆಸರಿನಿಂದ. ಬೀಗರ ಮುಂದೆ, ನನ್ನ ಮಕ್ಕಳ ಮುಂದೆ, ಸೊಸೆ ಬಂದ ಮೇಲೆ ಅವಳ ಮುಂದೆಯೂ.

ಎಷ್ಟೋ ವರ್ಷ ಆ ದಾರಿಯಲ್ಲಿ ಕುದುರೆ ಮೇಲೆ ಹೋಗಿ ಬಂದೆ. ಮಡಿಲಲ್ಲಿ ಕೂಸು, ಬದಿಯಲ್ಲಿ ಕುರಿಮರಿ, ಮುಂದೆ ಅವಳ ಹಿಮ್ಮಡಿ. ನನ್ನ ಕೆಳಗೆ ಇನ್ನೊಂದು ಕುದುರೆಗೆ ಹುಣ್ಣಾಗಲಿಲ್ಲ. ಈಗ ಹೇರು ಹೊರಲು ಟೆಂಪೊ ಬಂದಿದೆ, ನಮ್ಮ ಮನೆಯಲ್ಲಿ ಕುದುರೆಯಿಲ್ಲ. ಆದರೆ ಮೈ ಕಲಿತದ್ದು ಮೈಯಲ್ಲೇ ಇದೆ. ನನ್ನ ಓರಗೆಯ ಹೆಂಗಸರೆಲ್ಲ ಟೊಂಕ ಹಿಡಿದುಕೊಂಡು ದವಾಖಾನೆಯ ಬಾಗಿಲಲ್ಲಿ ಕೂತಿರುತ್ತಾರೆ. ನಾನು ಇಂದಿಗೂ ತುಂಬಿದ ಕೊಡ ತಲೆಯ ಮೇಲೆ ಹೊತ್ತು, ಕೈ ಬಿಟ್ಟು ಓಣಿ ದಾಟುತ್ತೇನೆ. ಅವಳು ಕೊಟ್ಟ ಬೆನ್ನು ಇದು. ನಮ್ಮವ್ವ ಬೆಳೆಸಿ ಕೊಟ್ಟದ್ದು ಡೊಂಕಾಗಿತ್ತು.

ಮುದುಕಿಯಾದ ಮೇಲೂ ಅವಳ ಬುದ್ಧಿ ಬದಲಾಗಲಿಲ್ಲ. ಒಮ್ಮೆ ಕಣ್ಣು ತೋರಿಸಲು ಕೊಪ್ಪಳಕ್ಕೆ ನನ್ನ ಮಗ ಬೈಕಿನ ಮೇಲೆ ಕರೆದುಕೊಂಡು ಹೊರಟ. ಹೆಂಗಸರು ಕೂರುವ ಹಾಗೆ ಒಂದು ಬದಿಗೆ ಕೂರಲು ಹೇಳಿದ. ಇವಳು ಸೀರೆ ಎತ್ತಿ ಕಟ್ಟಿ, ಆ ಕಡೆ ಒಂದು ಈ ಕಡೆ ಒಂದು ಕಾಲು ಹಾಕಿ ಕೂತಳು.

“ಅಜ್ಜಿ, ಮಂದಿ ನೋಡತಾರ,” ಅಂದ.

“ಒಂದs ಬದಿಗೆ ಕುಂತ್ರ ನಿನ್ನ ಗಾಡಿಗೆ ಹುಣ್ಣು ಬೀಳತೈತಿ. ಮಂದಿ ಮಾಯಿಸ್ತಾರೇನು? ಹೊಡಿ.”

ಓಣಿಯ ಮಂದಿಯೆಲ್ಲ ನಕ್ಕರು. ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಮ್ಮಡಿ ಕೆಳಗೆ ಒತ್ತಿಕೊಂಡು ರಾಣಿಯ ಹಾಗೆ ಹೋದಳು.

ನನ್ನ ಮೊಮ್ಮಗಳು ಮೊಬೈಲಿನ ಮೇಲೆ ಬಗ್ಗಿ ಕೂತಿದ್ದರೆ ಹಾಸಿಗೆಯಿಂದಲೇ ಕೂಗುತ್ತಿದ್ದಳು: “ತಲಿ ಎತ್ತವಾ, ಕುದರಿ ನಿಂತುಬಿಡತೈತಿ!”

“ಯಾವ ಕುದರಿ ಅಜ್ಜಿ?” ಅನ್ನುತ್ತಿತ್ತು ಹುಡುಗಿ.

“ನೀನs.”

ಕಡೆಗಾಲಕ್ಕೆ ಅವಳ ಎಡಗಡೆಯ ಮೈ ಸೋತಿತು. ಗೋಡೆಗೆ ಆನಿಸಿ ಕೂಡಿಸಿದರೆ ಎಡಕ್ಕೆ ವಾಲುತ್ತಿದ್ದಳು. ತೀರಿಹೋಗುವ ಒಂದು ವಾರ ಮೊದಲು ನಾನು ಅಂಬಲಿ ಕುಡಿಸುತ್ತಿದ್ದಾಗ ಅರ್ಧ ಬಾಯಿಯಲ್ಲಿ ನಕ್ಕು ಹೇಳಿದಳು: “ಈಗ ನಾನs ಡೊಂಕಿ ಆದೆ ನೋಡು.” ನಾನು ಸಮಾಧಾನದ ಮಾತು ಹೇಳಲಿಲ್ಲ. ಅವಳಿಗೆ ಅಂಥದ್ದು ಹಿಡಿಸುತ್ತಿರಲಿಲ್ಲ. “ಹೌದ್ರಿ ಅತ್ತಿ,” ಅಂದೆ. ಅವಳಿಗೆ ಖುಷಿಯಾಯಿತು.

ಜೋಳ ತೆನೆ ಹಿರಿದ ಹೊತ್ತಿನಲ್ಲಿ, ಒಂದು ಮುಂಜಾನೆ ಹೋದಳು. ನಮ್ಮ ಕಡೆ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ. ಜಳಕ ಮಾಡಿಸಿ, ಹೊಸ ಸೀರೆ ಉಡಿಸಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದರು. ಅವಳು ಎಡಕ್ಕೆ ವಾಲಿದಳು. ಓಣಿಯ ಹೆಂಗಸರು ಹೆಗಲಿಗೆ ದಿಂಬು ಕೊಟ್ಟರು. ತಲೆ ಮುಂದಕ್ಕೆ ಬಿತ್ತು. ಗದ್ದಕ್ಕೆ ಬಟ್ಟೆ ಕಟ್ಟಿ ಎತ್ತಿದರು, ಹೆಗಲು ಜಾರಿತು. “ಹಗ್ಗ ತರ್ರಿ, ಗೂಟಕ್ಕ ಬಿಗಿದು ಕಟ್ಟೋಣು,” ಅಂದಳೊಬ್ಬಳು.

“ತಡೀರಿ,” ಅಂದೆ. “ಹೆಗಲು ಏನೂ ಮಾಡಿಲ್ಲ. ಡೊಂಕು ಇರೋದು ಕೆಳಗ.”

ಅವಳ ಹಿಂದೆ ಕೂತು ನನ್ನೆರಡು ಅಂಗೈಗಳನ್ನು ಅವಳ ಕೆಳಗೆ ತೂರಿಸಿದೆ. ಹೆಂಗಸರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಎರಡು ಎಲುಬು ಕೈಗೆ ಸಿಕ್ಕವು, ತೆಳ್ಳಗೆ, ಹಕ್ಕಿಯ ಎಲುಬಿನ ಹಾಗೆ. ಎಡಗಡೆಯದು ತಗ್ಗಿನಲ್ಲಿತ್ತು. ಅವಳದೇ ಹಳೆ ಕಂಬಳಿಯ ತುಂಡು ಮಡಚಿ ಅದರ ಕೆಳಗೆ ಸೇರಿಸಿದೆ. ಇನ್ನೊಂದು ಮಡಿಕೆ ಹಾಕಿದೆ. ಎರಡೂ ಎಲುಬು ನನ್ನ ಕೈಗೆ ಒಂದೇ ಭಾರಕ್ಕೆ ಹತ್ತಿದವು. ಆಗ ಟೊಂಕ ನಿಂತಿತು, ಬೆನ್ನು ನಿಂತಿತು, ಯಾರೂ ಎತ್ತದೆ ತಲೆ ಮೇಲಕ್ಕೆ ಬಂದು ಗೋಡೆಗೆ ಆನಿತು.

“ಈಗ ಬರೋಬ್ಬರಿ ಆತ್ರಿ ಅತ್ತಿ,” ಅಂದೆ.

ಹಗ್ಗ ಬೇಕಾಗಲಿಲ್ಲ. ಕಂಬಳಿಯ ಮಡಿಕೆ ಸಮೇತ ಕೂತ ಹಾಗೇ ಚಟ್ಟದ ಮೇಲಿಟ್ಟು, ನಾಲ್ಕು ಜನ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು. ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ನಮ್ಮ ಓಣಿಯಲ್ಲಿ ಕಲ್ಲು, ತಗ್ಗು ಬಹಳ. ಹೊತ್ತವರು ಎಡವಿದರು, ಸಾವರಿಸಿಕೊಂಡರು, ಮತ್ತೆ ನಡೆದರು. ಹಣೆತುಂಬ ಭಂಡಾರದ ಅರಿಶಿನ ಹಚ್ಚಿಕೊಂಡು ಅವಳು ಅವರ ಹೆಜ್ಜೆಗೆ ಆಡುತ್ತಾ ಹೋದಳು. ಕೆಳಗೆ ಆಡುತ್ತಿತ್ತು, ಮೇಲೆ ಸುಮ್ಮನಿತ್ತು. ತಿರುವು ದಾಟುವ ತನಕ ಎಲ್ಲಿಯೂ ವಾಲಲಿಲ್ಲ.